ಹಕ್ಕಿಯ ಹೆಸರಲ್ಲಿ ಅರ್ಜಿ ಬರೆಯುವ ಮುನ್ನ

ನಿಮ್ಮ ಮನವಿಯ ಕರಡು ಓದಿದೆ. ಪಾರ್ಕಿನ ಮೂಲೆಗೆ ಮೊಬೈಲ್ ಟವರ್ ಬೇಡ ಅನ್ನುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಎರಡನೇ ಪ್ಯಾರಾ ಹೊಡೆದು ಹಾಕಿ. ಟವರಿನ ವಿಕಿರಣಕ್ಕೆ ಬೆಂಗಳೂರಿನ ಗುಬ್ಬಚ್ಚಿಗಳೆಲ್ಲ ಸತ್ತವು, ಇನ್ನು ವಲಸೆ ಹಕ್ಕಿಗಳ ಸರದಿ ಅಂತ ಬರೆದಿದ್ದೀರಲ್ಲ, ಅದು. ನಾನು ಟೆಲಿಫೋನ್ ಇಲಾಖೆಯಲ್ಲಿ ಟವರುಗಳ ಬುಡದಲ್ಲೇ ಸರ್ವಿಸು ಮುಗಿಸಿದವನು. ಮುದುಕ ಹಳೇ ಋಣ ತೀರಿಸ್ತಿದ್ದಾನೆ ಅಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಗಟ್ಟಿ ಕಾರಣಗಳಿವೆ. ಅವುಗಳ ನಡುವೆ ಒಂದು ಟೊಳ್ಳು ಮಾತು ಸೇರಿಸಿದರೆ ಎದುರು ಕೂತವರು ಅದೊಂದನ್ನೇ ಹಿಡಿದು ಜಗ್ಗುತ್ತಾರೆ, ಮಿಕ್ಕಿದ್ದನ್ನು ಯಾರೂ ಓದುವುದಿಲ್ಲ.

ಗುಬ್ಬಚ್ಚಿಯ ವಿಷಯ ಮೊದಲು ಮುಗಿಸಿಬಿಡೋಣ. 2020ರಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ಅನ್ನುವ ವರದಿ ಬಂತು. ದೇಶದ 15,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದಿಟ್ಟ ಒಂದು ಕೋಟಿಗೂ ಮೀರಿದ ದಾಖಲೆಗಳನ್ನು ಒಟ್ಟು ಹಾಕಿ ಮಾಡಿದ್ದು. ಇಡೀ ದೇಶದ ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಇದ್ದ ಹಾಗೇ ಇದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಮಾತ್ರ ಇಳಿದಿದೆ ಅನ್ನುತ್ತದೆ ಅದು. ಮರಿಗಳಿಗೆ ತಿನ್ನಿಸಲು ಹುಳ ಸಿಗದಿರುವುದು, ಗೂಡಿಗೆ ಸಂದು ಸಿಗದಿರುವುದು ಕಾರಣ ಇರಬಹುದು. ಟವರ್ ವಿಕಿರಣದ ಮಾತಿಗೆ ಸದ್ಯ ಆಧಾರವಿಲ್ಲ ಅಂತಲೂ ಅದರಲ್ಲೇ ಇದೆ. ರಾಜಾಜಿನಗರದ ಹಳಬರನ್ನು ಕೇಳಿದರೂ ಗೊತ್ತಾಗುತ್ತದೆ. ಹೆಂಚಿನ ಸೂರು ಹೋಗಿ ಆರ್‌ಸಿಸಿ ಬಂತು, ದಿನಸಿ ಅಂಗಡಿಯ ಮುಂದೆ ಬಾಯಿ ಬಿಚ್ಚಿಟ್ಟ ಅಕ್ಕಿ ಮೂಟೆ ಹೋಗಿ ಪ್ಯಾಕೆಟ್ ಬಂತು, ಮನೆ ಮುಂದಿನ ಮಣ್ಣಿನ ನೆಲಕ್ಕೆ ಟೈಲ್ಸು ಬಂತು. ಟವರು ಬಂದದ್ದು ಇದೆಲ್ಲ ಶುರುವಾದ ಮೇಲೆ.

ಇಂಥ ಸುದ್ದಿ ಹರಡುವುದು ಬಹಳ ಸುಲಭ. 2018ರ ಅಕ್ಟೋಬರ್, ನವೆಂಬರಿನಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದ ಒಂದು ಪಾರ್ಕಿನಲ್ಲಿ 300ಕ್ಕೂ ಹೆಚ್ಚು ಕಬ್ಬಕ್ಕಿಗಳು ಸತ್ತು ಬಿದ್ದವು. 5ಜಿ ಪರೀಕ್ಷೆ ಮಾಡಿದ್ದಕ್ಕೆ ಸತ್ತವು ಅಂತ ಲೋಕವೆಲ್ಲ ಸುದ್ದಿಯಾಯಿತು. ಪರೀಕ್ಷೆ ನಡೆದದ್ದು ಆ ವರ್ಷ ಜೂನ್‌ನಲ್ಲಿ, ಹಕ್ಕಿ ಸಾಯುವುದಕ್ಕೆ ತಿಂಗಳುಗಟ್ಟಲೆ ಮೊದಲು. ಅದೇ ನವೆಂಬರಿನಲ್ಲಿ ರಜನಿಕಾಂತ್ ಅವರ ‘2.0’ ಸಿನಿಮಾನೂ ಬಂದು, ಮೊಬೈಲು ಹಕ್ಕಿಗಳನ್ನು ಕೊಲ್ಲುತ್ತದೆ ಅನ್ನುವುದು ಜನರ ತಲೆಯಲ್ಲಿ ಕೂತುಬಿಟ್ಟಿತು. ಕೋರ್ಟಿಗೆ ಹೋದವರ ಕಥೆಯೂ ಇದೆ. ‘ಪ್ರೇಮಲೋಕ’ದ ಜೂಹಿ ಚಾವ್ಲಾ 5ಜಿ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದರು. 2021ರ ಜೂನ್‌ನಲ್ಲಿ ಅರ್ಜಿ ವಜಾ ಆಯಿತು, ಮೇಲೆ 20 ಲಕ್ಷ ರೂಪಾಯಿ ದಂಡ. ಮುಂದಿನ ವರ್ಷ ಅದನ್ನು 2 ಲಕ್ಷಕ್ಕೆ ಇಳಿಸಿದರು ಅನ್ನುವುದು ಬೇರೆ ಮಾತು. ಅಷ್ಟು ಹೆಸರಿದ್ದವರಿಗೇ ಹೀಗಾದರೆ ಬಡಾವಣೆಯ ನಾಲ್ಕು ಹುಡುಗರ ಅರ್ಜಿಯ ಗತಿ ಏನು, ಯೋಚಿಸಿ.

ಹಾಗಂತ ಟವರಿಂದ ಹಕ್ಕಿಗೆ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತದೆ. ಎಲ್ಲಿ, ಎಂಥ ಟವರಿಂದ, ಹೇಗೆ ಅನ್ನುವುದು ನಿಮಗೆ ಸ್ಪಷ್ಟವಾಗಿ ಗೊತ್ತಿರಬೇಕು. ಅಮೆರಿಕ, ಕೆನಡಾಗಳಲ್ಲಿ ವರ್ಷಕ್ಕೆ ಸುಮಾರು 68 ಲಕ್ಷ ಹಕ್ಕಿಗಳು ಸಂಪರ್ಕ ಗೋಪುರಗಳಿಗೆ ಬಡಿದು ಸಾಯುತ್ತವೆ ಅಂತ 2012ರಲ್ಲಿ ಅಲ್ಲಿನ ವಿಜ್ಞಾನಿಗಳು ಅಂದಾಜು ಮಾಡಿದರು. ಸಾಯುವುದರಲ್ಲಿ ಬಹುಪಾಲು ರಾತ್ರಿ ಹಾರುವ ಸಣ್ಣ ವಲಸೆ ಹಕ್ಕಿಗಳು. ಮೋಡ ಕವಿದ ರಾತ್ರಿ ನಕ್ಷತ್ರ ಕಾಣುವುದಿಲ್ಲ. ಗೋಪುರದ ನೆತ್ತಿಯಲ್ಲಿ ಸದಾ ಉರಿಯುವ ಕೆಂಪು ದೀಪದ ಸುತ್ತ ಹಕ್ಕಿ ಗಿರಕಿ ಹೊಡೆಯುತ್ತದೆ, ಗೋಪುರವನ್ನು ಎಳೆದು ಕಟ್ಟಿದ ಗೈ ವೈರು ಕತ್ತಲಲ್ಲಿ ಕಾಣದೆ ಬಡಿದುಕೊಳ್ಳುತ್ತದೆ. ಸದಾ ಉರಿಯುವ ದೀಪ ತೆಗೆದು ಮಿನುಗುವ ದೀಪ ಮಾತ್ರ ಉಳಿಸಿದರೆ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಅಂತ ಮಿಶಿಗನ್‌ನ ಅಧ್ಯಯನ ತೋರಿಸಿತು. 2015ರಲ್ಲಿ ಆ ದೇಶದ ವಿಮಾನಯಾನ ಇಲಾಖೆ ನಿಯಮವನ್ನೇ ಬದಲಿಸಿತು. ಹಕ್ಕಿ ಉಳಿಸಲು ಟವರ್ ಕೆಡವಬೇಕಾಗಿ ಬರಲಿಲ್ಲ, ಬಲ್ಬ್ ಬದಲಾಯಿಸಿದರೆ ಸಾಕಾಯಿತು. ನಮ್ಮ ಕಾಲದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾವೇ ನಕ್ಕುಬಿಡುತ್ತಿದ್ದೆವು.

ಆದರೆ ಅವು ನೂರಾರು ಮೀಟರ್ ಎತ್ತರದ ಗೋಪುರಗಳು. ನಿಮ್ಮ ಪಾರ್ಕಿಗೆ ತರುವುದು ಮೂವತ್ತು, ನಲವತ್ತು ಮೀಟರಿನದು, ಗೈ ವೈರಿಲ್ಲದೆ ತನ್ನ ಕಾಲ ಮೇಲೆ ನಿಲ್ಲುವಂಥದ್ದು. ಅಲ್ಲಿನ ಅಂಕಿ ತಂದು ಇಲ್ಲಿಗೆ ಅಂಟಿಸಬೇಡಿ. ಹಾಗೆಯೇ ಜರ್ಮನಿಯ ಓಲ್ಡನ್‌ಬರ್ಗಿನವರು 2014ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಉಲ್ಲೇಖಿಸಿದ್ದೀರಿ. ಬಹಳ ಒಳ್ಳೆಯ ಕೆಲಸ ಅದು. ನಗರದ ವಿದ್ಯುತ್ಕಾಂತ ಗದ್ದಲದಲ್ಲಿ ರಾಬಿನ್ ಹಕ್ಕಿಗೆ ಭೂಮಿಯ ಕಾಂತತೆ ಹಿಡಿದು ದಿಕ್ಕು ಗುರುತಿಸಲು ಆಗಲಿಲ್ಲ, ಹಕ್ಕಿಯನ್ನು ಇಟ್ಟ ಗುಡಿಸಲಿಗೆ ಅಲ್ಯೂಮಿನಿಯಂ ಹೊದಿಸಿ ಅರ್ಥಿಂಗ್ ಕೊಟ್ಟ ಮೇಲೆ ಆಯಿತು. ಆದರೆ ಹಕ್ಕಿಯನ್ನು ಕಂಗೆಡಿಸಿದ್ದು 50 ಕಿಲೋಹರ್ಟ್ಜ್‌ನಿಂದ 5 ಮೆಗಾಹರ್ಟ್ಜ್ ತನಕದ ತರಂಗ, ಎಎಂ ರೇಡಿಯೊ ಮತ್ತು ಮನೆಯ ವಿದ್ಯುತ್ ಸಾಮಾನುಗಳ ಮಟ್ಟದ್ದು. ನಮ್ಮ ಮೊಬೈಲು ಕೆಲಸ ಮಾಡುವುದು 700 ಮೆಗಾಹರ್ಟ್ಜ್ ಮತ್ತು ಅದರ ಮೇಲೆ. ಎದುರಿಗೆ ಕೂರುವ ಎಂಜಿನಿಯರಿಗೆ ಇದು ಗೊತ್ತಿರುತ್ತದೆ, ನಿಮಗೂ ಗೊತ್ತಿರಲಿ.

ನಮ್ಮ ದೇಶದ್ದೇ ಕಾಗದ ಬೇಕಿದ್ದರೆ ಇದೆ. ಕೇಂದ್ರ ಪರಿಸರ ಸಚಿವಾಲಯ 2010ರ ಆಗಸ್ಟ್ 30ರಂದು ಟವರುಗಳಿಂದ ಹಕ್ಕಿ, ಜೇನುಗಳಿಗೆ ಏನಾಗುತ್ತದೆ ನೋಡಲು ತಜ್ಞರ ಸಮಿತಿ ಮಾಡಿತು. ಪಕ್ಷಿತಜ್ಞ ಅಸದ್ ರಹಮಾನಿ ಅದರ ಅಧ್ಯಕ್ಷರು. ಸಮಿತಿ 919 ಅಧ್ಯಯನಗಳನ್ನು ತಿರುವಿ ಹಾಕಿ 593ರಲ್ಲಿ ಪರಿಣಾಮ ಕಂಡಿದೆ ಅಂದಿತು. ಈ ಅಂಕಿಯನ್ನು ಎಲ್ಲರೂ ಹಾಡಿನ ಹಾಗೆ ಹೇಳುತ್ತಾರೆ. ಮನುಷ್ಯರದ್ದು, ಹಕ್ಕಿಯದ್ದು, ಪ್ರಯೋಗಾಲಯದ್ದು, ಬಯಲಿನದ್ದು ಎಲ್ಲ ಸೇರಿಸಿ ಎಣಿಸಿದ್ದು ಅದು. ಎಷ್ಟು ಲೇಖನ ಅನ್ನುವುದಕ್ಕಿಂತ ಎಂಥ ಲೇಖನ ಅನ್ನುವುದು ಮುಖ್ಯ. ನಿಮಗೆ ಅದಕ್ಕಿಂತ ಕೆಲಸಕ್ಕೆ ಬರುವುದು 2012ರ ಆಗಸ್ಟ್ 9ರಂದು ಅದೇ ಸಚಿವಾಲಯ ಹೊರಡಿಸಿದ ಸಲಹಾಪತ್ರ. ಹೊಸ ಟವರು ಹಕ್ಕಿಗಳ ಹಾರಾಟದ ದಾರಿಗೆ ಅಡ್ಡ ಬರಬಾರದು, ಇರುವ ಟವರನ್ನು ಕಂಪನಿಗಳು ಹಂಚಿಕೊಳ್ಳಬೇಕು, ಒಂದರಿಂದ ಒಂದು ಕಿಲೋಮೀಟರ್ ಒಳಗೆ ಇನ್ನೊಂದಕ್ಕೆ ಅನುಮತಿ ಬೇಡ, ಕಾವಲು ದೀಪ ಕೆಳಮುಖವಾಗಿದ್ದು ಮರೆಯಿರಬೇಕು ಅಂತೆಲ್ಲ ಇದೆ. ಕಾನೂನಲ್ಲ, ಸಲಹೆ. ಒಂದು ಕಿಲೋಮೀಟರಿನ ಮಾತಂತೂ ವಿಜಯನಗರದಲ್ಲಿ ನಗೆಪಾಟಲು. ಒಂದೇ ರಸ್ತೆಯ ತಾರಸಿಗಳ ಮೇಲೆ ಎರಡು ಮೂರು ಕಾಣುತ್ತವೆ. ಆದರೂ ಹಂಚಿಕೊಳ್ಳುವ ಮಾತು ಮತ್ತು ದೀಪದ ಮಾತು, ಎರಡನ್ನೂ ಅರ್ಜಿಯಲ್ಲಿ ಹಾಕಿ.

ಇನ್ನು ನಿಮ್ಮ ಗಟ್ಟಿ ಕಾರಣಕ್ಕೆ ಬರೋಣ. ಟವರ್ ಅಂದರೆ ಆಕಾಶದಲ್ಲಿ ಕಾಣುವ ಕಬ್ಬಿಣ ಮಾತ್ರ ಅಂತ ಜನ ತಿಳಿದಿದ್ದಾರೆ. ಬುಡದಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಮೊದಲು ಜೆಸಿಬಿ ಒಳಗೆ ಬರಲು ಗ್ರಿಲ್ ಕತ್ತರಿಸಿ ಗೇಟು ಮಾಡುತ್ತಾರೆ. ಆಳವಾದ ಗುಂಡಿ ತೋಡಿ ಕಾಂಕ್ರೀಟ್ ತುಂಬುತ್ತಾರೆ. ಸುತ್ತ ಚೈನ್ ಲಿಂಕ್ ಬೇಲಿ, ಒಳಗೆ ಜಲ್ಲಿ ಹಾಸು, ಬ್ಯಾಟರಿ ಡಬ್ಬಿ, ಡೀಸೆಲ್ ಜನರೇಟರು. ಬೆಸ್ಕಾಂ ಕಂಬದಿಂದ ಕೇಬಲ್ ತರಲು ಕಾಲುವೆ ತೆಗೆಯುತ್ತಾರೆ, ಆ ಕಾಲುವೆ ಹೊಂಗೆಯ ಬೇರನ್ನೋ ಗಸಗಸೆ ಮರದ ಬೇರನ್ನೋ ಕಡಿದುಕೊಂಡೇ ಹೋಗುತ್ತದೆ. ಬೇರು ಹೋದ ಮರ ಆ ವರ್ಷ ಬೀಳುವುದಿಲ್ಲ, ಎರಡು ಮಳೆಗಾಲ ಕಳೆದು ಗಾಳಿಗೆ ಬೀಳುತ್ತದೆ. ಆಗ ಯಾರೂ ಕಾಲುವೆಯನ್ನು ನೆನೆಸಿಕೊಳ್ಳುವುದಿಲ್ಲ. ಕಳ್ಳರ ಭಯಕ್ಕೆ ರಾತ್ರಿಯಿಡೀ ಫ್ಲಡ್ ಲೈಟು. ಕರೆಂಟು ಹೋದರೆ ಜನರೇಟರಿನ ಹೊಗೆ, ಸದ್ದು. ರಿಪೇರಿಗೆ ಹೊತ್ತಲ್ಲದ ಹೊತ್ತಲ್ಲಿ ಗಾಡಿ. ಟವರಿನ ಕಾಲಿಗೆ ಬೇಕಾದದ್ದು ಒಂದು ಕೋಣೆಯಷ್ಟು ಜಾಗ, ಆದರೆ ಹಕ್ಕಿ ಬಿಟ್ಟು ಹೋಗುವುದು ಪಾರ್ಕಿನ ಅರ್ಧ ಭಾಗವನ್ನು. ಬಿಡದೇ ಇರುವುದು ಹದ್ದು ಮತ್ತು ಕಾಗೆ. ಅವು ಟವರಿನ ಮೇಲೇ ಗೂಡು ಕಟ್ಟಿ ಸಂಸಾರ ಮಾಡುತ್ತವೆ. ಕಂಪನಿಯವರು ಆ ಫೋಟೊ ತೋರಿಸಿ ‘ನೋಡಿ, ಹಕ್ಕಿಗೇನೂ ತೊಂದರೆಯಿಲ್ಲ’ ಅಂದಾರು, ಉತ್ತರ ತಯಾರಿಟ್ಟುಕೊಳ್ಳಿ.

ಉತ್ತರ ನಿಮ್ಮ ಪಾರ್ಕಿನ ಹೊಂಗೆ ಮರದಲ್ಲೇ ಇದೆ. ಅಕ್ಟೋಬರಿನಿಂದ ಮಾರ್ಚ್ ಕಳೆಯುವ ತನಕ ಬೆಳಿಗ್ಗೆ ಅದರ ಕೆಳಗೆ ನಿಂತರೆ ಗಾಳಿಯಿಲ್ಲದಿದ್ದರೂ ಒಂದು ಎಲೆ ಅಲ್ಲಾಡುತ್ತದೆ, ಆಮೇಲೆ ಅದರ ಪಕ್ಕದ್ದು. ‘ಚಿಸ್ವೀ’ ಅಂತ ಸಣ್ಣ ದನಿ. ಎಂಟೇ ಗ್ರಾಮ್ ತೂಗುವ ಹಸಿರು ಎಲೆ ಉಲಿಯಕ್ಕಿ ಅದು. ಬೇಸಿಗೆಯಲ್ಲಿ ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯದ ಕಡೆ ಮರಿ ಮಾಡಿ, ರಾತ್ರಿಗಳಲ್ಲಿ ಹಾರುತ್ತ ಇಲ್ಲಿಗೆ ಬರುತ್ತದೆ. ಬಂದ ಮೇಲೆ ಇದು ಊರೆಲ್ಲ ಅಲೆಯುವ ಹಕ್ಕಿ ಅಲ್ಲ. ಕೆಲವೇ ಮರಗಳನ್ನು ತನ್ನದು ಅಂತ ಹಿಡಿದುಕೊಂಡು, ಒಳಗೆ ಬಂದ ಇನ್ನೊಂದು ಉಲಿಯಕ್ಕಿಯನ್ನು ಓಡಿಸುತ್ತ ಚಳಿಗಾಲವಿಡೀ ಅಲ್ಲೇ ಇರುತ್ತದೆ. ಎಲೆಯ ತಳದ ಹುಳ ಅದರ ಊಟ. ಆ ಮರ ಹೋದರೆ ‘ಪಕ್ಕದ ಮರಕ್ಕೆ ಹೋಗಲಿ ಬಿಡಿ’ ಅನ್ನುವ ಹಾಗಿಲ್ಲ, ಪಕ್ಕದ ಮರಕ್ಕೆ ಆಗಲೇ ಒಬ್ಬ ಯಜಮಾನ ಇದ್ದಾನೆ. ಅದರ ಜೊತೆಗೆ ಸೆಪ್ಟೆಂಬರಿಗೇ ಬಂದು ಸೋರುವ ನಲ್ಲಿಯ ಒದ್ದೆ ನೆಲದಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ, ಬೇಲಿಯ ತುದಿಯಲ್ಲಿ ಕೂರುವ ಕಂದು ಕಳಿಂಗ, ಹೊನ್ನಕ್ಕಿ, ವರ್ಷದ ಕೊನೆಯಿಂದ ಹಿಂಡು ಹಿಂಡಾಗಿ ಹಣ್ಣಿನ ಮರಕ್ಕೆ ಮುತ್ತುವ ಗುಲಾಬಿ ಕಬ್ಬಕ್ಕಿ. ಅದೃಷ್ಟವಿದ್ದರೆ ನವರಂಗ. ನವರಂಗ ಅಂದರೆ ರಾಜಾಜಿನಗರದವರಿಗೆ ಥಿಯೇಟರೇ ನೆನಪಾಗುತ್ತದೆ, ಇರಲಿ; ಆ ಹೆಸರಿನ ಹಕ್ಕಿ ತರಗೆಲೆ ಕೆದಕುತ್ತ ನಮ್ಮ ಪಾರ್ಕುಗಳಲ್ಲೂ ಇಳಿದು ಹೋಗುತ್ತದೆ. ತರಗೆಲೆ ಗುಡಿಸಿ ಸುಡದ ಮೂಲೆ ಉಳಿದಿರಬೇಕಷ್ಟೇ. ಟವರಿಗೆ ತೋರಿಸುವುದು ಸಾಮಾನ್ಯವಾಗಿ ಅದೇ ಮೂಲೆಯನ್ನು, ‘ಉಪಯೋಗವಿಲ್ಲದ ಜಾಗ’ ಅಂತ.

ಇದೆಲ್ಲ ನಾನು ಹೇಳಿದರೆ ಆಗಲಿಲ್ಲ, ನಿಮ್ಮ ಪಾರ್ಕಿನ ದಾಖಲೆ ಬೇಕು. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಕಾಲು ಗಂಟೆ ನಡೆದು ಕಂಡದ್ದನ್ನು ದಿನಾಂಕ ಸಹಿತ ಬರೆಯಿರಿ. ಹಕ್ಕಿ ಕಾಣದ ದಿನವನ್ನೂ ಬರೆಯಿರಿ. ಎಲ್ಲರೂ ಬಿಡುವುದು ಅದನ್ನೇ, ನಂಬಿಕೆ ಹುಟ್ಟುವುದೂ ಅದರಿಂದಲೇ. ಪಕ್ಷಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಿದರೆ ತಜ್ಞರು ತಪ್ಪಿದ್ದರೆ ತಿದ್ದುತ್ತಾರೆ. ಗುರುತು ಹಿಡಿಯಲು ಬರದಿದ್ದರೆ ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಪಕ್ಷಿವೀಕ್ಷಕರು ಸೇರುವುದು ಎಷ್ಟೋ ವರ್ಷಗಳ ರೂಢಿ, ಹೋಗಿ ಹಿಂದೆ ನಿಂತರೂ ಸಾಕು. ಕೆಂಗೇರಿಯ ಉತ್ತರಹಳ್ಳಿ ರಸ್ತೆಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ನಗರದ ಹಕ್ಕಿಗಳಿಗೆ ನಿಜವಾಗಿ ಏನೇನು ಗಾಯವಾಗುತ್ತದೆ ಅಂತ ಅಲ್ಲಿ ಕೇಳಿ ತಿಳಿದುಕೊಳ್ಳಿ. ಗಾಳಿಪಟದ ಮಾಂಜಾ ದಾರದ ಮಾತು ಬರುತ್ತದೆ ನೋಡಿ. ನಿಮ್ಮ ಬಳಗದಲ್ಲೇ ಗಾಳಿಪಟ ಹಾರಿಸುವವರಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಆದರೂ ಪಾರ್ಕನ್ನು ಕಾಯುವುದು ಕೊನೆಗೆ ಹಕ್ಕಿಯ ಪಟ್ಟಿ ಅಲ್ಲ, ಜಾಗದ ಕಾಗದ. ಹಳೆಯ ಕೇಸೊಂದಿದೆ, ನಮ್ಮ ಊರಿನದೇ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು, 1991ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಅಂತ ಹುಡುಕಿದರೆ ಸಿಗುತ್ತದೆ, ಕೂತು ಓದಿ. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ, ಆದರೂ ಅದು ಪಾರ್ಕಿನ ಬದಲಿಗೆ ಆಗುವುದಿಲ್ಲ ಅನ್ನುವುದು ಆ ತೀರ್ಪಿನ ತಿರುಳು. ಟವರಿನ ಬಗ್ಗೆ ನಿಮ್ಮ ವಾದವೂ ಅಷ್ಟೇ ಅಲ್ಲವೇ? ಬಿಡಿಎ ಕಾಯ್ದೆಯ 38ಎ ಕಲಮು ಪಾರ್ಕು, ಆಟದ ಮೈದಾನಕ್ಕೆ ಬಿಟ್ಟ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಬಾರದು ಅನ್ನುತ್ತದೆ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯೂ ಇದೆ. ಸ್ಥಳೀಯ ಸಂಸ್ಥೆ ತನ್ನ ಪಾರ್ಕುಗಳ ಪಟ್ಟಿ ಮಾಡಿ ಕಾಯಬೇಕು. ಮರದ ತಂಟೆಗೆ ಹೋಗುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಆದ್ದರಿಂದ ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಿ: ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಆ ಜಾಗ ಏನಂತ ಇದೆ, ಟವರಿಗೆ ಯಾರು ಅರ್ಜಿ ಕೊಟ್ಟರು, ಯಾವ ದಿನ, ಯಾರು ಒಪ್ಪಿದರು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ, ಬೇರೆ ಬೇರೆ ಹಾಕಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ, ರಾಜಾಜಿನಗರ, ವಿಜಯನಗರದ ಕಡೆಯ ಪಾರ್ಕುಗಳಿಗೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆ. ಹಳೇ ವಿಳಾಸಕ್ಕೆ ಕಳಿಸಿ ತಿಂಗಳು ಕಳೆಯಬೇಡಿ. ತಡ ಮಾಡಬಾರದ ಇನ್ನೊಂದು ಕಾರಣವೂ ಇದೆ. 2023ರ ದೂರಸಂಪರ್ಕ ಕಾಯ್ದೆಯಡಿ ಬಂದ, 2025ರ ಜನವರಿ 1ರಿಂದ ಜಾರಿಯಾದ ನಿಯಮಗಳ ಪ್ರಕಾರ ಸರ್ಕಾರಿ ಸಂಸ್ಥೆ ಗಡುವಿನೊಳಗೆ ಉತ್ತರ ಕೊಡದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಅಂದರೆ ಅಧಿಕಾರಿ ಟವರಿಗೆ ಒಪ್ಪಿಗೆ ಕೊಡಬೇಕಾಗಿಲ್ಲ, ಫೈಲಿನ ಮೇಲೆ ಕೂತರೆ ಸಾಕು. ನೀವು ಕೇಳಬೇಕಾದದ್ದು ಅವರ ಮೌನವನ್ನಲ್ಲ, ಕಾರಣ ಬರೆದು ಕೊಟ್ಟ ತಿರಸ್ಕಾರವನ್ನು.

ವಿಕಿರಣದ ಬಗ್ಗೆ ನಿಮ್ಮ ಮನೆಯ ಹಿರಿಯರಿಗೆ ಭಯವಿದ್ದರೆ ಅದನ್ನು ಹಕ್ಕಿಯ ತಲೆಗೆ ಕಟ್ಟಬೇಡಿ. 2012ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲಿನಲ್ಲಿ ಹತ್ತಿರದ ಟವರುಗಳೆಲ್ಲ ಕಾಣುತ್ತವೆ. 4,000 ರೂಪಾಯಿ ಕಟ್ಟಿದರೆ ಬಂದು ಅಳೆದು ಕೊಡುತ್ತಾರೆ. ಚಂದಾ ಎತ್ತಿ ಅಳೆಸಿಬಿಡಿ.

ಹೋರಾಡಿದರೆ ಆಗುತ್ತದೆಯೇ ಅಂತ ನಿಮ್ಮಲ್ಲೊಬ್ಬರು ಕೇಳಿದರು. ಕೆಂಗೇರಿಗೆ ಹೆಚ್ಚು ದೂರವಿಲ್ಲದ ತುರಹಳ್ಳಿ ಕಾಡನ್ನು ನೋಡಿ. 2021ರ ಆರಂಭದಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಅರಣ್ಯ ಇಲಾಖೆಯೇ ಹೊರಟಿತ್ತು. ನಡಿಗೆ ದಾರಿ, ಕಟ್ಟಡ, ಅಲಂಕಾರ. ಸುತ್ತಲಿನ ಜನ ಕಾಡನ್ನು ಕಾಡಾಗಿಯೇ ಬಿಡಿ ಅಂತ ಬೀದಿಗೆ ಬಂದರು, ಫೆಬ್ರುವರಿಯಲ್ಲಿ ಅರಣ್ಯ ಸಚಿವರು ಯೋಜನೆ ಕೈಬಿಡುವುದಾಗಿ ಹೇಳಿದರು. ಆಗದೇ ಹೋದದ್ದೂ ನಿಮ್ಮ ಸುತ್ತಲೇ ಇದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಬಸವೇಶ್ವರನಗರದ ಪಕ್ಕದ ಸಾಣೆಗುರುವನಹಳ್ಳಿ ಕೆರೆಯ ಜಾಗದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡ ಎದ್ದಿತು. ನಾನು ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಹೋಗಿ ನೋಡಿ. ನೀರಿದ್ದಾಗ ಚಳಿಗಾಲಕ್ಕೆ ಬಾತುಗಳೂ ಬರುತ್ತಿದ್ದಿರಬೇಕು. ಈಗ ಅವಕ್ಕೆ ಮಲ್ಲತ್ತಹಳ್ಳಿ, ಕೆಂಗೇರಿ ಕೆರೆಗಳ ಕಡೆ ಹುಡುಕಬೇಕು.

ಉಳಿದದ್ದು ಒಂದು ಪ್ರಶ್ನೆ, ಅದನ್ನು ನಿಮ್ಮನ್ನು ಕೇಳಿಯೇ ಕೇಳುತ್ತಾರೆ: ‘ಪಾರ್ಕ್ ಬೇಡ ಅಂದರೆ ಎಲ್ಲಿ ಹಾಕೋಣ?’ ನಮಗೆ ಗೊತ್ತಿಲ್ಲ ಅನ್ನಬೇಡಿ. ಸಿಗ್ನಲ್ ಇಲ್ಲದೆ ಆಂಬುಲೆನ್ಸ್ ಕರೆಯಲು ಆಗದ ಮನೆಗಳು ನಿಮ್ಮ ಬಡಾವಣೆಯಲ್ಲೇ ಇರಬಹುದು. ಮುಖ್ಯರಸ್ತೆಯ ವಾಣಿಜ್ಯ ಕಟ್ಟಡಗಳ ತಾರಸಿ, ಈಗಾಗಲೇ ಇರುವ ಟವರಿನಲ್ಲಿ ಪಾಲು, ಬೀದಿ ದೀಪದ ಕಂಬಕ್ಕೆ ಹಾಕುವ ಸಣ್ಣ ಆಂಟೆನಾ; ಈ ಮೂರರಲ್ಲಿ ಯಾವುದು ಎಲ್ಲಿ ಆಗುತ್ತದೆ ಅಂತ ಸುತ್ತಾಡಿ ಒಂದು ನಕ್ಷೆ ಮಾಡಿ. ಮಾಡುವಾಗ ಪಾರ್ಕಿನಿಂದ ಎಬ್ಬಿಸಿ ಹಿಂದಿನ ವಠಾರಗಳ ನೆತ್ತಿಗೆ, ಸರ್ಕಾರಿ ಶಾಲೆಯ ಅಂಗಳಕ್ಕೆ ದಬ್ಬುವ ಬುದ್ಧಿ ಬೇಡ. ಅಲ್ಲಿಯವರು ಅರ್ಜಿ ಬರೆಯುವುದಿಲ್ಲ ಅನ್ನುವ ಧೈರ್ಯಕ್ಕೆ ಹೀಗೆ ಮಾಡುವ ನಿವಾಸಿ ಸಂಘಗಳನ್ನು ನಾನು ಕಂಡಿದ್ದೇನೆ, ಅಂಥವಕ್ಕೆ ನನ್ನ ಸಹಿ ಸಿಗುವುದಿಲ್ಲ. ಪಾಲಿಕೆಗೆ ಹೋಗುವ ದಿನ ಆಟೋ ಸ್ಟ್ಯಾಂಡಿನವರನ್ನೂ ಹೂ ಮಾರುವ ಅಮ್ಮನನ್ನೂ ಕರೆದುಕೊಂಡು ಹೋಗಿ. ದಿನವಿಡೀ ಫೋನ್‌ಪೇ ಸದ್ದಿಗೆ ಕಿವಿ ಕೊಟ್ಟು ಕೂರುವವರು ಅವರು. ಸಿಗ್ನಲ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಅನ್ನುವುದು ಆ ಎಂಜಿನಿಯರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.